ಹಸಿರು ಸಾಲಿನ ಗುಳಿಗೆ: ಒಂದು ಔಷಧ ಅಂಗಡಿಯ ಎಕ್ಸೆಲ್ ಹಾಳೆ ಎಡವಿದ್ದೆಲ್ಲಿ

ಬಾಗಲಕೋಟೆಯ ನವನಗರದಲ್ಲಿ ನಾನು ಟ್ಯಾಲಿ ಲೆಕ್ಕ, ಜಿಎಸ್‌ಟಿ ರಿಟರ್ನ್ ಅಂತ ನಾಲ್ಕು ಅಂಗಡಿಗಳ ಕೆಲಸ ಮಾಡಿಕೊಂಡಿದ್ದೇನೆ. 2025ರ ಸೆಪ್ಟೆಂಬರ್ 16ರ ರಾತ್ರಿ ಅದರಲ್ಲೊಂದು ಮೆಡಿಕಲ್ ಅಂಗಡಿಯ ಕಾಕಾ ಫೋನ್ ಮಾಡಿದರು. "ತಮ್ಮಾ, ಬಾಗಲಾ ಅರ್ಧಾ ಹಾಕಿ ಕುಂತೇನಿ. ಜರಾ ಬಂದ್ ಹೋಗು. ಈ ಬಣ್ಣದ ಹಾಳಿ ನಂಬಿ ಇವತ್ತ ಮಾನಾ ಹೋಗೂದಿತ್ತು."

ಹೋದೆ. ಮೇಜಿನ ಮೇಲೆ ಎರಡು ಸಾಕ್ಷಿ ಇಟ್ಟಿದ್ದರು. ಒಂದು, ಬಿ.ಪಿ. ಗುಳಿಗೆಯ ಸ್ಟ್ರಿಪ್. ಬೆನ್ನ ಮೇಲೆ 08/25 ಅಂತ ಅಚ್ಚು, ಅಂದರೆ ಆಗಸ್ಟಿಗೇ ಅವಧಿ ಮುಗಿದದ್ದು. ಸಂಜೆ ಒಬ್ಬ ಅಜ್ಜನಿಗೆ ಕೊಡುವಾಗ ಕೌಂಟರಿನ ಹುಡುಗಿ ರೂಢಿಯಂತೆ ತಿರುವಿ ನೋಡಿದ್ದಕ್ಕೆ ಉಳಿಯಿತು, ಇಲ್ಲದಿದ್ದರೆ ಅಜ್ಜನ ಚೀಲಕ್ಕೆ ಬೀಳುತ್ತಿತ್ತು. ಹಾಳೆಯಲ್ಲಿ ಆ ಸಾಲು ಹಚ್ಚ ಹಸಿರು. ಎರಡನೆಯದು, ಅಂಗಡಿಗೆ ಔಷಧ ಸರಬರಾಜು ಮಾಡುವ ಏಜೆನ್ಸಿಯವರು ತಿರುಗಿಸಿ ಕಳಿಸಿದ ಒಂದು ರಟ್ಟಿನ ಡಬ್ಬಿ. ಹಾಳೆ ಕೆಂಪು ತೋರಿಸಿತೆಂದು ಕಾಕಾ ಇಪ್ಪತ್ತು ಬಗೆಯ ಮಾಲನ್ನು ಎಕ್ಸ್‌ಪೈರಿ ವಾಪಸಿಗೆ ಕಳಿಸಿದ್ದರು. ಹೆಚ್ಚಿನವಕ್ಕೆ ಇನ್ನೂ ಒಂದು ವರ್ಷ ಆಯುಷ್ಯ ಇತ್ತು. ತಂದು ಇಳಿಸಿದ ಹುಡುಗ ನಗುತ್ತಾ ಹೋದನಂತೆ. ಕಾಕಾಗೆ ಆ ನಗುವೇ ಹೆಚ್ಚು ಚುಚ್ಚಿತ್ತು.

ಹಾಳು ಮಾಲು ಹಸಿರು, ಛಲೋ ಮಾಲು ಕೆಂಪು. ಒಂದೇ ತಪ್ಪಾಗಿದ್ದರೆ ಎಲ್ಲ ಒಂದೇ ಕಡೆ ವಾಲಬೇಕಿತ್ತು. ಇಲ್ಲಿ ಎರಡು ತಪ್ಪು ಒಂದೇ ಹಾಳೆಯಲ್ಲಿ ಕೂತಿವೆ ಅನ್ನುವುದು ಅಲ್ಲೇ ಅನಿಸಿತು.

ಹಾಳೆಯ ಹಿನ್ನೆಲೆ ಹೇಳುತ್ತೇನೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಎಕ್ಸ್‌ಪೈರಿ ಪಟ್ಟಿ ಸಿಗುತ್ತದೆ. ಆದರೆ ಯಾವ ಮಾಲು ಯಾವ ರ‍್ಯಾಕಿನಲ್ಲಿದೆ, ಯಾವ ಏಜೆನ್ಸಿ ಎಷ್ಟು ದಿನ ಮೊದಲು ಕೊಟ್ಟರೆ ವಾಪಸ್ ತಗೊಂಡು ಕ್ರೆಡಿಟ್ ನೋಟ್ ಕೊಡುತ್ತದೆ ಅನ್ನುವುದೆಲ್ಲ ಅಲ್ಲಿ ಇರಲಿಲ್ಲ. ಹಾಗಾಗಿ ಜನವರಿಯಿಂದ ಕಾಕಾ ಎಕ್ಸೆಲ್‌ನಲ್ಲಿ ಬೇರೆಯೇ ಪಟ್ಟಿ ಇಟ್ಟಿದ್ದರು. ಎ ಕಾಲಮ್ಮಿನಲ್ಲಿ ಔಷಧದ ಹೆಸರು, ಬಿಯಲ್ಲಿ ಏಜೆನ್ಸಿ, ಸಿಯಲ್ಲಿ ಬ್ಯಾಚ್, ಡಿಯಲ್ಲಿ ಎಕ್ಸ್‌ಪೈರಿ, ಆಮೇಲೆ ಎಣಿಕೆ, ರ‍್ಯಾಕ್. ಆರು ನೂರು ಚಿಲ್ಲರೆ ಸಾಲು. ಬಣ್ಣ ಇರಲಿಲ್ಲ. ಗಣಪತಿ ಹಬ್ಬಕ್ಕೆ ಪುಣೆಯಿಂದ ಬಂದ ಅಳಿಯ ಒಂದು ಮಧ್ಯಾಹ್ನ ಕೂತು ಕಂಡೀಷನಲ್ ಫಾರ್ಮ್ಯಾಟಿಂಗ್, ಅಂದರೆ ಷರತ್ತಿಗೆ ತಕ್ಕಂತೆ ಸೆಲ್ ತಾನಾಗಿ ಬಣ್ಣ ಪಡೆಯುವ ವ್ಯವಸ್ಥೆ, ಹಾಕಿಕೊಟ್ಟು ಹೋದ. ನಿಯಮ ಮೂರು (ಟುಡೇ() ಅಂದರೆ ಇವತ್ತಿನ ತಾರೀಖು):

=$ಡಿ2<ಟುಡೇ() ಆದರೆ ಕೆಂಪು
=$ಡಿ2<=ಟುಡೇ()+90 ಆದರೆ ಹಳದಿ
=$ಡಿ2>ಟುಡೇ()+90 ಆದರೆ ಹಸಿರು

ಹುಡುಗ ದಡ್ಡನಲ್ಲ. ಅಕ್ಷರದ ಮುಂದೆ ಡಾಲರ್ ಚಿಹ್ನೆ ಇಟ್ಟಿದ್ದಾನೆ, ಅಂಕಿಯ ಮುಂದೆ ಇಟ್ಟಿಲ್ಲ. ಅದರಿಂದ ಸಾಲಿನ ಯಾವ ಸೆಲ್ ಆದರೂ ತನ್ನ ಸಾಲಿನ ಡಿ ಕಾಲಮ್ಮನ್ನೇ ನೋಡುತ್ತದೆ, ಇಡೀ ಸಾಲು ಒಂದೇ ಬಣ್ಣ ಪಡೆಯುತ್ತದೆ. ಖಾಲಿ ಸೆಲ್ಲನ್ನು ಎಕ್ಸೆಲ್ ಸೊನ್ನೆ ಅಂತ ಎಣಿಸುತ್ತದೆ, ಸೊನ್ನೆ ಇವತ್ತಿನ ತಾರೀಖಿಗಿಂತ ಚಿಕ್ಕದು, ಆದ್ದರಿಂದ ಕೆಳಗಿನ ಖಾಲಿ ಸಾಲುಗಳೆಲ್ಲ ಕೆಂಪಾಗುತ್ತವೆ. ಬಹಳ ಮಂದಿ ಎಡವುವ ಈ ಗುಂಡಿಯನ್ನೂ ಅವನು ಕಂಡಿದ್ದ. ಖಾಲಿ ಇದ್ದರೆ ಬಣ್ಣ ಬೇಡ ಅಂತ ಎಲ್ಲಕ್ಕೂ ಮೇಲೆ ಒಂದು ನಿಯಮ ಇಟ್ಟು, ಅದಕ್ಕೆ 'ಸ್ಟಾಪ್ ಇಫ್ ಟ್ರೂ' (ಇದು ನಿಜವಾದರೆ ಕೆಳಗಿನ ನಿಯಮ ನೋಡಬೇಡ) ಟಿಕ್ ಮಾಡಿದ್ದ. ಎರಡು ಸ್ಟ್ರಿಪ್ ಹಿಡಿದು ತಾಳೆಯೂ ನೋಡಿದ್ದನಂತೆ. ಸರಿಯಾಗೇ ಬಂದಿತ್ತು. ಯಾಕೆ ಸರಿ ಬಂತು ಅನ್ನುವುದು ಆಮೇಲೆ ಗೊತ್ತಾಯಿತು.

ನಾನು ಮೊದಲು ನೋಡಿದ್ದು ಆ ಬಿ.ಪಿ. ಗುಳಿಗೆಯ ಸಾಲು. ಡಿ ಸೆಲ್ಲಿನಲ್ಲಿ 31/08/2025 ಅಂತಿತ್ತು. ಓದುವ ಕಣ್ಣಿಗೆ ಅದಕ್ಕಿಂತ ಸ್ಪಷ್ಟ ತಾರೀಖು ಇನ್ನೊಂದಿಲ್ಲ.

"ಇದನ್ನ ಯಾರ್ ಹೊಡದಾರು?" ಅಂತ ಕೇಳಿದೆ.

"ನಾನರೀ ಅಣ್ಣಾರ," ಅಂದಳು ಹುಡುಗಿ. "ಸ್ಟ್ರಿಪ್ಪಿನ್ ಮ್ಯಾಲ ಬರೇ ತಿಂಗಳಾ ವರ್ಷಾ ಇರತೈತ್ರಿ. ಆ ತಿಂಗಳ ಕಡೀ ದಿನದ ತನಕ ನಡಿತೈತಿ ಅಂತ ಕಾಲೇಜಿನ್ಯಾಗ ಕಲಿಸ್ಯಾರ. ಅದಕ್ಕ ಪೂರಾ ತಾರೀಖ ಹಾಕ್ತೇನಿ."

ಅವಳು ಹೇಳಿದ್ದು ನೂರಕ್ಕೆ ನೂರು ಸರಿ. 08/25 ಅಂದರೆ ಆಗಸ್ಟ್ 31ರವರೆಗೆ. ಡಿ.ಫಾರ್ಮ ಓದಿದ ಹುಡುಗಿ, ಅಂಗಡಿಯಲ್ಲಿ ಅವಳಷ್ಟು ಜಾಗ್ರತೆಯಿಂದ ಬರೆದವರು ಇಲ್ಲ. ಮತ್ತು ಹಾಳೆ ಸುಳ್ಳು ಹೇಳಿದ್ದು ಅವಳು ಬರೆದ ಸಾಲುಗಳಲ್ಲೇ.

ಸೆಲ್ಲನ್ನು ಆರಿಸಿ ಫಾರ್ಮ್ಯಾಟನ್ನು 'ಜನರಲ್'ಗೆ ಬದಲಿಸಿದೆ. ನಿಜವಾದ ತಾರೀಖಾಗಿದ್ದರೆ 45900 ಅಂತ ಬರಬೇಕು. ಎಕ್ಸೆಲ್‌ಗೆ ತಾರೀಖು ಅಂದರೆ 1900ರ ಜನವರಿ 1ರಿಂದ ಎಣಿಸಿಕೊಂಡು ಬಂದ ದಿನದ ಸಂಖ್ಯೆ, ಅಷ್ಟೇ. ಮೇಲೆ ಕಾಣುವ ದಿನ, ತಿಂಗಳು, ವರ್ಷ ಬರೀ ಅಂಗಿ. ಆದರೆ ಸೆಲ್ ಅಲುಗಲಿಲ್ಲ. 31/08/2025 ಹಾಗೇ ನಿಂತಿತು. ಅದು ತಾರೀಖಲ್ಲ, ಪಠ್ಯ. 'ಮಾಲು ಬಂತು' ಅಂತ ಬರೆದರೆ ಎಷ್ಟೋ, ಇದೂ ಅಷ್ಟೇ.

ಪಠ್ಯವನ್ನು ಸಂಖ್ಯೆಯೊಂದಿಗೆ ಹೋಲಿಸಿದರೆ ಎಕ್ಸೆಲ್ ಲೆಕ್ಕದಲ್ಲಿ ಪಠ್ಯವೇ ಯಾವಾಗಲೂ ದೊಡ್ಡದು. ಇವತ್ತಿಗಿಂತ ಚಿಕ್ಕದೇ? ಅಲ್ಲ, ಕೆಂಪಿಲ್ಲ. ಇವತ್ತು ಕೂಡಿಸು ತೊಂಬತ್ತಕ್ಕಿಂತ ದೊಡ್ಡದೇ? ಹೌದು, ಹಸಿರು. ಆ ಸಾಲು ಇನ್ನು ಹತ್ತು ವರ್ಷ ಬಿಟ್ಟು ತೆರೆದರೂ ಹಸಿರೇ ಇರುತ್ತಿತ್ತು.

ಪಠ್ಯ ಯಾಕಾಯಿತು? ಉತ್ತರ ಪರದೆಯ ಬಲಗಡೆಯ ಮೂಲೆಯಲ್ಲಿ ಇಷ್ಟು ದಿನ ಕಣ್ಣು ಮಿಟುಕಿಸುತ್ತಾ ಕೂತಿತ್ತು. ಗಡಿಯಾರದ ಕೆಳಗೆ 9/16/2025. ಕಂಪ್ಯೂಟರ್ ಹಾಕಿಸಿದಾಗಿನಿಂದ ವಿಂಡೋಸ್‌ನ ರೀಜನ್ (ಯಾವ ದೇಶದ ಪದ್ಧತಿ ಅನ್ನುವ ಸೆಟ್ಟಿಂಗ್) ಅಮೆರಿಕದ್ದೇ ಉಳಿದಿದೆ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. 31/08/2025 ಅಂತ ಹೊಡೆದರೆ ಮೂವತ್ತೊಂದನೆಯ ತಿಂಗಳು ಯಾವುದು ಅಂತ ತಿಳಿಯದೆ ಅದನ್ನು ಪಠ್ಯವಾಗಿಯೇ ಇಟ್ಟುಕೊಳ್ಳುತ್ತದೆ. ಹುಡುಗಿ ಹಾಕುತ್ತಿದ್ದದ್ದು ತಿಂಗಳ ಕೊನೆಯ ದಿನ: 28, 30, 31. ಯಾವುದೂ ಹನ್ನೆರಡರೊಳಗೆ ಬರುವುದಿಲ್ಲ. ಆದ್ದರಿಂದ ಅವಳ ಒಂದು ಸಾಲೂ ತಪ್ಪಿಸಿಕೊಳ್ಳಲಿಲ್ಲ, ಎಲ್ಲವೂ ಪಠ್ಯ, ಎಲ್ಲವೂ ಹಸಿರು.

ಇದನ್ನು ಕಣ್ಣಿನಲ್ಲೇ ಹಿಡಿಯಬಹುದಿತ್ತು. ಎಕ್ಸೆಲ್ ತಾನಾಗಿ ಸಂಖ್ಯೆಯನ್ನು ಸೆಲ್ಲಿನ ಬಲಕ್ಕೂ ಪಠ್ಯವನ್ನು ಎಡಕ್ಕೂ ಸರಿಸುತ್ತದೆ. ಹಾಳೆ ಚೆಂದ ಕಾಣಲಿ ಅಂತ ಯಾರೋ ಕಾಲಮ್ ಪೂರ್ತಿ ಮಧ್ಯಕ್ಕೆ ತಂದುಬಿಟ್ಟಿದ್ದರು. ಇದ್ದ ಒಂದೇ ಸುಳಿವು ಅಲಂಕಾರದಲ್ಲಿ ಮುಚ್ಚಿಹೋಯಿತು.

ಇನ್ನು ಕೆಂಪಿನ ಕತೆ. ಅವು ಕಾಕಾ ಕೈಯಿಂದ ಹೊಡೆದ ಸಾಲು. ಕಾಕಾ ಸ್ಟ್ರಿಪ್ಪಿನ ಮೇಲೆ ಇದ್ದದ್ದನ್ನು ಇದ್ದ ಹಾಗೇ ಹೊಡೆಯುವವರು. 08/26 ಅಂತಿದ್ದರೆ 08/26. ಅಮೆರಿಕದ ಲೆಕ್ಕದಲ್ಲಿ ಅದು ಎಂಟನೆಯ ತಿಂಗಳ ಇಪ್ಪತ್ತಾರನೆಯ ದಿನ, ವರ್ಷ ಹೇಳಿಲ್ಲವಾದ್ದರಿಂದ ಈ ವರ್ಷ. ಸೆಲ್ಲಿನಲ್ಲಿ ಕೂತದ್ದು 2025ರ ಆಗಸ್ಟ್ 26. ತೋರಿಸಿದ್ದು '26-ಆಗ್'.

ಆ 26-ಆಗ್ ಅನ್ನುವುದನ್ನು ಒಂದು ಕ್ಷಣ ನೋಡಿ. ಔಷಧ ಅಂಗಡಿಯಲ್ಲಿ ಮೂವತ್ತು ವರ್ಷ ಕಳೆದವರು ಅದನ್ನು ಇಪ್ಪತ್ತಾರನೆಯ ಇಸವಿಯ ಆಗಸ್ಟ್ ಅಂತಲೇ ಓದುತ್ತಾರೆ. ಕಾಕಾ ಹಾಗೇ ಓದಿದರು. ನಾನೂ ಮೊದಲ ಸಲ ಹಾಗೇ ಓದಿದೆ. ಕಂಪ್ಯೂಟರ್ ಒಂದು ಅರ್ಥ ಇಟ್ಟುಕೊಂಡಿತ್ತು, ನಾವು ಇನ್ನೊಂದು ಅರ್ಥ ಓದಿಕೊಂಡೆವು, ಅಕ್ಷರ ಮಾತ್ರ ಒಂದೇ. ಎಂಟು ತಿಂಗಳು ಯಾರಿಗೂ ಗೊತ್ತಾಗದೆ ಇದ್ದದ್ದು ಬಣ್ಣ ಹಾಕಿದ ಮೇಲೆ ಕೆಂಪಾಗಿ ಹೊರಬಿತ್ತು. ಆ ಮಟ್ಟಿಗೆ ಬಣ್ಣ ಉಪಕಾರವನ್ನೇ ಮಾಡಿತು ಅನ್ನಬೇಕು.

ಅಳಿಯನ ತಾಳೆ ಯಾಕೆ ಸರಿ ಬಂತು ಅನ್ನುವುದೂ ಇಲ್ಲೇ ಇದೆ. ಅವನು ನೋಡಿದ ಎರಡೂ ಸ್ಟ್ರಿಪ್ ಈ ವರ್ಷವೇ ಮುಗಿಯುವಂಥವು. 07/25 ಅಂತ ಹೊಡೆದರೆ 2025ರ ಜುಲೈ 25 ಆಗುತ್ತದೆ, ಆಗಬೇಕಿದ್ದದ್ದು ಜುಲೈ 31. ಆರು ದಿನದ ತಪ್ಪು ಬಣ್ಣದಲ್ಲಿ ಕಾಣುವುದಿಲ್ಲ. ಮುಂದಿನ ವರ್ಷದ ಒಂದೇ ಒಂದು ಸ್ಟ್ರಿಪ್ ಹಿಡಿದಿದ್ದರೂ ಅವತ್ತೇ ಸಿಕ್ಕಿಬೀಳುತ್ತಿತ್ತು.

ಮೂರನೆಯ ಜಾತಿಯೂ ಹತ್ತು ಹನ್ನೆರಡು ಇದ್ದವು. ಯಾರೋ 08.2026 ಅಂತ ಚುಕ್ಕೆ ಇಟ್ಟು ಹೊಡೆದಿದ್ದರು. ಅದು ಎಕ್ಸೆಲ್‌ಗೆ ಎಂಟು ಪಾಯಿಂಟ್ ಎರಡು ಚಿಲ್ಲರೆ, ಅಂದರೆ 1900ರ ಜನವರಿ 8. ಅವು ಹುಟ್ಟಾ ಕೆಂಪು.

ರಿಪೇರಿ ಅವತ್ತು ರಾತ್ರಿ ಮಾಡಲಿಲ್ಲ. "ಬಣ್ಣಾ ನಂಬಬ್ಯಾಡ್ರಿ, ಸ್ಟ್ರಿಪ್ ತಿರುವಿ ನೋಡದ ಯಾರಿಗೂ ಕೊಡಬ್ಯಾಡ್ರಿ" ಅಂದು ಎದ್ದೆ. ಮಹಾನವಮಿ ಅಮಾವಾಸ್ಯೆಯ ರವಿವಾರ, ಸೆಪ್ಟೆಂಬರ್ 21ಕ್ಕೆ ಕೂತೆವು.

ಮೊದಲು ಕಂಟ್ರೋಲ್ ಪ್ಯಾನೆಲ್‌ನಲ್ಲಿ ರೀಜನ್ ಬದಲಿಸಿ ಇಂಗ್ಲಿಷ್ (ಇಂಡಿಯಾ) ಮಾಡಿದೆ. ಇದರಿಂದ ಮುಂದೆ ಹೊಡೆಯುವುದು ಸರಿಯಾಗುತ್ತದೆಯೇ ಹೊರತು ಒಳಗೆ ಕೂತದ್ದು ತಾನಾಗಿ ಸರಿಯಾಗುವುದಿಲ್ಲ. ಡಿ ಕಾಲಮ್ಮಿನ ಮೇಲೆ ಏರಿಕೆ ಕ್ರಮದಲ್ಲಿ ಸಾರ್ಟ್ ಮಾಡಿದೆ. ಸಂಖ್ಯೆಗಳು ಮೇಲೆ ಹೋಗಿ ಪಠ್ಯವೆಲ್ಲ ಕೆಳಗೆ ಒಂದೇ ಗುಂಪಾಯಿತು. ಹುಡುಗಿ ತನ್ನ ಮುನ್ನೂರು ಚಿಲ್ಲರೆ ಸಾಲು ಒಟ್ಟಿಗೆ ಕೂತದ್ದು ನೋಡಿ ಸುಮ್ಮನಾದಳು. ಆ ಗುಂಪನ್ನಷ್ಟೇ ಆರಿಸಿ, ಡೇಟಾ ಟ್ಯಾಬಿನ 'ಟೆಕ್ಸ್ಟ್ ಟು ಕಾಲಮ್ಸ್' ಒತ್ತಿ, ಮೂರನೆಯ ಹಂತದಲ್ಲಿ ಡೇಟ್, ಡಿಎಂವೈ (ದಿನ, ತಿಂಗಳು, ವರ್ಷ) ಅಂತ ಕೊಟ್ಟೆ. ಫಿನಿಶ್ ಒತ್ತಿದೊಡನೆ ಅಷ್ಟೂ ಬಲಕ್ಕೆ ಸರಿದವು. (ಮಧ್ಯಕ್ಕೆ ತಂದ ಅಲಂಕಾರವನ್ನು ಮೊದಲೇ ತೆಗೆದಿದ್ದೆ.)

ಕಾಕಾ ಅವರ ಸಾಲುಗಳಲ್ಲಿ ಒಂದು ಮಜಾ ಇತ್ತು. ಇಸವಿ ಕಳೆದುಹೋಗಿಲ್ಲ, ದಿನದ ಜಾಗದಲ್ಲಿ ಅಡಗಿ ಕೂತಿದೆ. 26 ಅಂದರೆ 2026. ಪಕ್ಕದ ಕಾಲಮ್ಮಿನಲ್ಲಿ ಒಂದು ಸೂತ್ರ ಸಾಕಾಯಿತು:

=ಇಒಮಂತ್(ಡೇಟ್(2000+ಡೇ(ಡಿ2),ಮಂತ್(ಡಿ2),1),0)

ದಿನವನ್ನು ಇಸವಿ ಮಾಡು, ತಿಂಗಳು ಇದ್ದ ಹಾಗೇ ಇರಲಿ, ಆ ತಿಂಗಳ ಕೊನೆಯ ದಿನ ಕೊಡು ಅಂತ ಅದರ ಅರ್ಥ. 26-ಆಗ್ ಅನ್ನುವುದು 31/08/2026 ಆಗಿ ಹೊರಬಂತು. ಚುಕ್ಕೆಯವನ್ನು ಕೈಯಿಂದ ತಿದ್ದಿದೆವು. ಆದರೆ ಸೂತ್ರ ಕೊಟ್ಟದ್ದು ಊಹೆ, ಸಾಕ್ಷಿ ಸ್ಟ್ರಿಪ್. ಮಧ್ಯಾಹ್ನ ಮೂರರ ತನಕ ಕಾಕಾ ರ‍್ಯಾಕಿನಿಂದ ಓದಿ ಹೇಳುವುದು, ಹುಡುಗಿ ಹಾಳೆಯಲ್ಲಿ ಟಿಕ್ ಹಾಕುವುದು ನಡೆಯಿತು. ಬಾಗಿಲ ಮೇಲೆ ಕಟ್ಟಿದ ಕುಂಬಳಕಾಯಿಯ ಕೆಳಗೆ ಕೂತು ಹೋಳಿಗೆ ತಿಂದೆವು.

ಅವಧಿ ಮುಗಿದವು ಹದಿನಾಲ್ಕು ಬಗೆ ಸಿಕ್ಕವು. ಅವುಗಳ ಬಗ್ಗೆ ಕಾನೂನು ಸ್ಪಷ್ಟ. 1945ರ ಔಷಧ ನಿಯಮಗಳ ಪ್ರಕಾರ ಅವಧಿ ಮುಗಿದ ಔಷಧವನ್ನು ಮಾರುವುದಿರಲಿ, ಮಾರುವ ಮಾಲಿನ ಜೊತೆ ಇಡುವಂತೆಯೂ ಇಲ್ಲ. ವಾಪಸ್ ಕಳಿಸುವ ತನಕ ಬೇರೆ ಡಬ್ಬಿಯಲ್ಲಿ, ಮೇಲೆ ಎದ್ದು ಕಾಣುವಂತೆ 'ನಾಟ್ ಫಾರ್ ಸೇಲ್' ಅಂತ ಬರೆದು ಇಡಬೇಕು. ಆ ಡಬ್ಬಿ ಮೆಟ್ಟಿಲ ಕೆಳಗೆ ಮೊದಲಿಂದಲೂ ಇತ್ತು. ಮಾಲು ಅಲ್ಲಿಗೆ ಹೋಗಿರಲಿಲ್ಲ, ಹಸಿರು ಅದನ್ನು ರ‍್ಯಾಕಿನಲ್ಲೇ ತಡೆದಿತ್ತು.

ಆಮೇಲೆ ಬಣ್ಣದ ಮಾತು ಬಂತು. ನಾನು ಮೊದಲು ಮಾಡಿದ್ದು ಹಸಿರನ್ನು ಅಳಿಸಿದ್ದು. ಕಾಕಾ ಒಪ್ಪಲಿಲ್ಲ. "ಹಸರ ಇದ್ರ ಮನಸಿಗಿ ಸಮಾಧಾನ ಇರತೈತಪ್ಪಾ."

"ಆ ಸಮಾಧಾನಾನ ನಮ್ಮನ್ನ ಕೆಡಿಸಿದ್ದು ಕಾಕಾ," ಅಂದೆ.

ನನ್ನ ಅಭಿಪ್ರಾಯ ಇಷ್ಟು. ಯಾರಾದರೂ ಎದ್ದು ಹೋಗಿ ಏನಾದರೂ ಮಾಡಬೇಕಾದ ಸೆಲ್ಲಿಗೆ ಮಾತ್ರ ಬಣ್ಣ ಸಲ್ಲಬೇಕು. ಮಾಡುವುದಕ್ಕೆ ಏನೂ ಇಲ್ಲದ ಸಾಲಿಗೆ ಬಣ್ಣ ಹಚ್ಚಿದರೆ, ಯಾರೂ ಪರೀಕ್ಷೆ ಮಾಡದೆ ಇದ್ದದ್ದಕ್ಕೆ ಮೊಹರು ಒತ್ತಿದ ಹಾಗೆ. ಅಳಿಯನ ಮೂರೂ ನಿಯಮ ಮಾಲಿನ ಬಗ್ಗೆ ಕೇಳುತ್ತಿದ್ದವು, ತಾರೀಖು ತಾರೀಖೇ ಹೌದೋ ಅಲ್ಲವೋ ಅಂತ ಒಂದೂ ಕೇಳುತ್ತಿರಲಿಲ್ಲ. ಹಸಿರಿನ ಬದಲು ನೇರಳೆ ತಂದೆ: ಎ ಕಾಲಮ್ಮಿನಲ್ಲಿ ಹೆಸರಿದ್ದು, ತಾರೀಖಿನ ಜಾಗದಲ್ಲಿ ಸಂಖ್ಯೆ ಇಲ್ಲದಿದ್ದರೆ ಆ ಸಾಲು ನೇರಳೆ. ಅದು ಎಲ್ಲ ನಿಯಮಕ್ಕೂ ಮೇಲೆ.

ತಾರೀಖು ಹೊಡೆಯುವ ಕೆಲಸವನ್ನೇ ತೆಗೆದುಬಿಟ್ಟೆವು. ತಿಂಗಳಿಗೆ ಒಂದು ಕಾಲಮ್, ಇಸವಿಗೆ ಒಂದು. ಡೇಟಾ ವ್ಯಾಲಿಡೇಷನ್ ಹಾಕಿ ತಿಂಗಳಿಗೆ 1ರಿಂದ 12, ಇಸವಿಗೆ 2024ರಿಂದ 2035 ಮಾತ್ರ ಒಪ್ಪುವಂತೆ ಮಾಡಿದೆ. ಕೊನೆಯ ದಿನವನ್ನು ಎಫ್ ಕಾಲಮ್ಮಿನ ಸೂತ್ರವೇ ಕಟ್ಟಿಕೊಳ್ಳುತ್ತದೆ. ಎರಡೂ ತುಂಬಿಲ್ಲದಿದ್ದರೆ ಸೂತ್ರ ಖಾಲಿ ಉದ್ಧರಣ ಚಿಹ್ನೆ ಕೊಡಲಿ ಅಂದುಕೊಂಡೆ, ಕೊಟ್ಟೆ, ಹಳದಿ ನಿಯಮ ಹಾಕುವಾಗ ನೆನಪಾಯಿತು: ಆ ಖಾಲಿ ಚಿಹ್ನೆಯೂ ಪಠ್ಯವೇ, ಮತ್ತೆ ಎಲ್ಲಕ್ಕಿಂತ ದೊಡ್ಡದೇ! ಚಿಕ್ಕದನ್ನು ಹುಡುಕುವ ನಿಯಮಕ್ಕೆ ಅದು ತಾಗದಿದ್ದರೂ, ಭದ್ರತೆಗೆ ಇರಲಿ ಅಂತ ಕೆಂಪಿಗೂ ಹಳದಿಗೂ 'ಇದು ಸಂಖ್ಯೆಯಾಗಿದ್ದರೆ' ಅನ್ನುವ ಷರತ್ತು ಸೇರಿಸಿದೆ:

=ಆ್ಯಂಡ್(ಇಸ್‌ನಂಬರ್($ಎಫ್2),$ಎಫ್2<ಟುಡೇ())

ಚಿಕ್ಕದು ಮಾತ್ರ, ಸಮ ಇಲ್ಲ. ಮೂವತ್ತೊಂದನೇ ತಾರೀಖಿನ ದಿನ ಮಾಲು ಇನ್ನೂ ಮಾರಾಟಕ್ಕೆ ಯೋಗ್ಯ, ಒಂದನೇ ತಾರೀಖಿಗೆ ಕೆಂಪಾಗಬೇಕು.

ಹಳದಿಯ 90 ದಿನದ ಬಗ್ಗೆ ಹೆಚ್ಚು ಹೊತ್ತು ಮಾತಾಯಿತು. ಎಲ್ಲ ಏಜೆನ್ಸಿಯ ಕರಾರೂ ಒಂದೇ ಅಲ್ಲ. ಕೆಲವರಿಗೆ ಮೂರು ತಿಂಗಳು ಮೊದಲೇ ಶಾರ್ಟ್ ಎಕ್ಸ್‌ಪೈರಿ (ಅವಧಿ ಹತ್ತಿರ ಬಂದದ್ದು) ಅಂತ ಹೇಳಬೇಕು, ಕೆಲವರು ಮುಗಿದ ಮೇಲೂ ತಗೊಳ್ಳುತ್ತಾರೆ. ಒಂದೇ ಗೆರೆ ಎಳೆದರೆ ಒಬ್ಬರ ಮಾಲು ಬೇಗ, ಇನ್ನೊಬ್ಬರ ಮಾಲು ತಡ. ಗೆರೆಯನ್ನು ಸ್ವಲ್ಪ ಸರಿಸಿದರೆ ಏನಾಗುತ್ತದೆ ಅಂತ ಬಾಗಲಕೋಟೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು 519.6 ಮೀಟರಿಗೆ ನಿಲ್ಲುತ್ತದೋ 524.256ಕ್ಕೆ ಏರುತ್ತದೋ ಅನ್ನುವುದರ ಮೇಲೆ ಯಾರ ಮನೆ ಮುಳುಗಡೆಯ ಯಾವ ಪಟ್ಟಿಯಲ್ಲಿ ಅನ್ನುವುದು ನಿಂತಿದೆ. ಹಳೆ ಊರು ಬಿಟ್ಟು ಈ ಸೆಕ್ಟರುಗಳಿಗೆ ಬಂದ ಕಾಕಾಗೆ ಹಾಗೆ ಹೇಳಿದ ಕೂಡಲೇ ತಿಳಿಯಿತು. ಏಜೆನ್ಸಿಗೊಂದು ದಿನದ ಸಂಖ್ಯೆ ಬರೆದು ಸಣ್ಣ ಕೋಷ್ಟಕ ಮಾಡಿದೆವು. ಪ್ರತಿ ಸಾಲು ವಿಲುಕಪ್‌ನಿಂದ (ಕೋಷ್ಟಕದಲ್ಲಿ ಹುಡುಕಿ ತರುವ ಸೂತ್ರ) ತನ್ನ ಸಂಖ್ಯೆ ತಂದುಕೊಂಡು ಅದರಂತೆ ಹಳದಿಯಾಗುತ್ತದೆ. ನಿಯಮದೊಳಗೆ ಹುಗಿದಿಟ್ಟ 90 ಯಾರ ಕಣ್ಣಿಗೂ ಬೀಳುವುದಿಲ್ಲ. ಕೋಷ್ಟಕದಲ್ಲಿ ಬರೆದ 90ನ್ನು ಕಾಕಾ ತಾವೇ ತಿದ್ದಬಹುದು.

ಉಳಿದದ್ದು ಚಿಲ್ಲರೆ. 'ಮ್ಯಾನೇಜ್ ರೂಲ್ಸ್' ತೆರೆದರೆ ನಾಲ್ಕು ಇರಬೇಕಿದ್ದ ನಿಯಮ ಹದಿನೇಳಾಗಿದ್ದವು. ಸಾಲು ಕಾಪಿ ಮಾಡಿ ಅಂಟಿಸಿದಾಗೆಲ್ಲ ನಿಯಮವೂ ತುಂಡಾಗಿ ಅಂಟಿಕೊಂಡಿರುತ್ತದೆ. ಎಲ್ಲ ಅಳಿಸಿ ಹೊಸದಾಗಿ ಹಾಕಿದೆ, ಇನ್ನು ಮೇಲೆ ಅಂಟಿಸುವಾಗ 'ವ್ಯಾಲ್ಯೂಸ್' ಅಂತ ಮಾತ್ರ ಅಂಟಿಸಬೇಕೆಂದು ಹುಡುಗಿಗೆ ತೋರಿಸಿದೆ. ಹೊಸದಾಗಿ ಹಾಕುವಾಗ ನಾನೇ ಒಂದು ಎಡವಟ್ಟು ಮಾಡಿದೆ. ಕಾಲಮ್ ಪೂರ್ತಿ ತಲೆಯಿಂದ ಆರಿಸಿ, ಸೂತ್ರದಲ್ಲಿ ಎರಡನೆಯ ಸಾಲು ಬರೆದೆ. ಬಣ್ಣವೆಲ್ಲ ಒಂದು ಸಾಲು ಮೇಲಕ್ಕೆ ಜಿಗಿದು ಪಕ್ಕದ ಮನೆಯವರ ಪಾಪ ಇವರ ತಲೆಗೆ ಬಂತು. ಆಯ್ಕೆ ಯಾವ ಸಾಲಿನಿಂದ ಶುರುವೋ ಸೂತ್ರವೂ ಅಲ್ಲಿಂದಲೇ ಶುರುವಾಗಬೇಕು.

ಅಂಗಡಿಯ ಪ್ರಿಂಟರ್ ಕಪ್ಪು ಬಿಳುಪಿನದು. ಕೆಂಪು, ನೇರಳೆ ಎರಡೂ ಒಂದೇ ಬೂದಿ ಬಣ್ಣವಾಗಿ ಬರುತ್ತಿದ್ದವು. ಅದಕ್ಕೆ ಕೊನೆಯಲ್ಲಿ ಒಂದು ಕಾಲಮ್ಮಿನಲ್ಲಿ ಬಣ್ಣವನ್ನೇ ಮಾತಾಗಿ ಬರೆಸಿದೆ: 'ಡಬ್ಬಿಗೆ', 'ಏಜೆನ್ಸಿಗೆ ಹೇಳು', 'ತಾರೀಖು ನೋಡು'. ಎಣಿಸುವುದಕ್ಕೂ ಇದೇ ಬೇಕಾಯಿತು. ಬಣ್ಣದ ಮೇಲೆ ಫಿಲ್ಟರ್ ಮಾಡಬಹುದು, ಆದರೆ ಕೆಂಪು ಎಷ್ಟಿವೆ ಅಂತ ಕೌಂಟ್‌ಇಫ್ ಕೇಳಿದರೆ ಅದಕ್ಕೆ ಬಣ್ಣ ಕಾಣುವುದಿಲ್ಲ, ಮಾತು ಕಾಣುತ್ತದೆ. ಹಾಳೆಯ ನೆತ್ತಿಯ ಮೇಲೆ ಇವತ್ತಿನ ತಾರೀಖನ್ನು ದಪ್ಪಕ್ಷರದಲ್ಲಿ ತೋರಿಸಿದೆ. ಕಂಪ್ಯೂಟರಿನೊಳಗಿನ ಸಣ್ಣ ಬ್ಯಾಟರಿ ಸತ್ತು ಗಡಿಯಾರ ಹಿಂದೆ ಹೋದರೆ ಟುಡೇ ಕೂಡ ಹಿಂದೆ ಹೋಗುತ್ತದೆ, ಕೆಂಪೆಲ್ಲ ಮಾಯ.

ಅಕ್ಟೋಬರ್ 1ರ ಬೆಳಿಗ್ಗೆ ಚಹಾಕ್ಕೆ ಹೋಗಿದ್ದೆ. ಸೆಪ್ಟೆಂಬರಿಗೆ ಮುಗಿದ ಒಂಬತ್ತು ಸಾಲು ರಾತ್ರಿ ಕಳೆದು ಕೆಂಪಾಗಿದ್ದವು. ಹುಡುಗಿ ಪಟ್ಟಿ ಹಿಡಿದು ರ‍್ಯಾಕಿನಿಂದ ಒಂದೊಂದೇ ತೆಗೆದು ಡಬ್ಬಿಗೆ ಹಾಕಿದಳು. ಎಂಟು ಸಿಕ್ಕವು. ಒಂಬತ್ತನೆಯದು, ಹೊಟ್ಟೆ ಉರಿಯ ಗುಳಿಗೆ, ಹಾಳೆಯ ಪ್ರಕಾರ ಎರಡು ಸ್ಟ್ರಿಪ್, ರ‍್ಯಾಕಿನಲ್ಲಿ ಒಂದೂ ಇಲ್ಲ.

"ಮಾರಿ ಹೋಗಿರಬೇಕು, ಎಣಿಕಿ ಕಡಿಮಿ ಮಾಡಿಲ್ಲ," ಅಂದರು ಕಾಕಾ.

ಹುಡುಗಿ ಬಿಲ್ ತೆಗೆದು ನೋಡಿದಳು. ಮಾರಿರಲಿಲ್ಲ, ಪೂರ್ತಿಯಾಗಿ. ಎರಡು ಗುಳಿಗೆ, ನಾಲ್ಕು ಗುಳಿಗೆ ಅಂತ ಕತ್ತರಿಸಿ ಕೊಟ್ಟದ್ದು ಇತ್ತು. ಕೌಂಟರಿನ ಕೆಳಗಿನ ಡ್ರಾಯರ್ ಎಳೆದಳು, ಕತ್ತರಿಸಿ ಉಳಿದ ತುಂಡುಗಳನ್ನು ಹಾಕುವ ಡ್ರಾಯರ್. ಅಲ್ಲಿ ಮೂರು ತುಂಡು ಸಿಕ್ಕವು. ಮೂರರಲ್ಲೂ ಬ್ಯಾಚ್ ಮತ್ತು ಎಕ್ಸ್‌ಪೈರಿ ಅಚ್ಚಾದ ಕಡೆಯನ್ನೇ ಯಾರೋ ಕತ್ತರಿಸಿ ಕೊಟ್ಟುಬಿಟ್ಟಿದ್ದರು. ತಿರುವಿ ನೋಡಿದರೂ ಏನೂ ಇಲ್ಲ, ಬರೀ ಬೆಳ್ಳಿ ಹಾಳೆ.

ಕಾಕಾ ಅವನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಡ್ರಾಯರನ್ನೇ ಪೂರ್ತಿ ಹೊರಗೆಳೆದು ಮೇಜಿನ ಮೇಲೆ ಬೋರಲು ಹಾಕಿದರು. "ತಂಗೀ, ಬಾಗಲಾ ಅರ್ಧಾ ಹಾಕವ್ವಾ," ಅಂದರು.